ಎಡರೆಕ್ಕೆಯ ಲೆಕ್ಕ

ಶುಕ್ರವಾರ ಬೆಳಿಗ್ಗೆ ಆರೂಕಾಲು. ಒಮಾನ್ ದೇಶದ ಇಬ್ರಿ ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಆಚೆಯ ಜಲ್ಲಿಕಲ್ಲಿನ ಬಯಲು. ಫ್ಲೈಯಿಂಗ್ ಕ್ಲಬ್ಬಿನ ಸೇಫ್ಟಿ ಅಧಿಕಾರಿ ಶಹೀದ್, ವಿಮಾನದ ಎಡರೆಕ್ಕೆಯ ಅಡಿಯಲ್ಲಿ ಅಂಗೈ ಸವರುತ್ತ ಹೋದವನು ತುದಿಗೆ ಬಂದು ಒಮ್ಮೆಲೇ ನಿಂತುಬಿಟ್ಟ. ಅವನ ಎರಡು ಬೆರಳು ಬಟ್ಟೆಯ ಒಳಗೆ ಹೋಗಿದ್ದವು.

"ಚೂಹಾ," ಅಂದ. "ಇಲಿ ಕಡಿದಿದೆ."

ರೆಕ್ಕೆ ಹೊಲಿದ ಹುಲಿಗೆವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಉಳಿದವರಿಗೆ ಅದು ಬರೀ ಒಂದು ತೂತು. ಅಷ್ಟು ದೊಡ್ಡ ರೆಕ್ಕೆಯನ್ನೆಲ್ಲ ಬಿಟ್ಟು ಇಲಿ ಆ ಒಂದೇ ಮೂಲೆಗೆ ಯಾಕೆ ಬಾಯಿ ಹಾಕಿತು ಎಂಬುದು ಆ ಬಯಲಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅಲ್ಲಿ ರೊಟ್ಟಿ ಇತ್ತು. ಇಟ್ಟವಳೂ ಅವಳೇ.

ನಗುವವರು ನಗಲಿ. ಕೌದಿ ಹೊಲಿಯುವವರ ಮನೆಯಲ್ಲಿ ಬೆಳೆದವರು ಮಾತ್ರ ನಗಲಾರರು. ಹಳೆಯ ಸೀರೆ, ಹರಕು ಧೋತರಗಳನ್ನು ಪದರಪದರವಾಗಿ ಹಾಸಿ, ತಿಂಗಳುಗಟ್ಟಲೆ ಸೂಜಿ ಓಡಿಸಿ, ಕಟ್ಟಕಡೆಯ ಮೂಲೆಯನ್ನು ಮುಚ್ಚುವ ಮುನ್ನ ಒಳಗೊಂದು ಚೂರು ರೊಟ್ಟಿ ಇಡುವುದು ಹುಲಿಗೆವ್ವ ತನ್ನ ಅತ್ತೆಯಿಂದ ಕಲಿತ ಪದ್ಧತಿ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ಅತ್ತೆಯ ಮಾತು ಅವಳಿಗೆ ವೇದ. ಮೂರು ವಾರದ ಹಿಂದೆ, ವಿಮಾನದ ರೆಕ್ಕೆಗೆ ಕೊನೆಯ ಹೊಲಿಗೆ ಹಾಕುವಾಗ, ಮಗ ಚಹಾ ಕುಡಿಯಲು ಹೊರಗೆ ಹೋದ ಸಮಯ ನೋಡಿ, ಸೆರಗಿನ ಗಂಟಿನಲ್ಲಿದ್ದ ಖಡಕ್ ರೊಟ್ಟಿಯ ಚೂರನ್ನು ಒಳಗೆ ತೂರಿಸಿದ್ದಳು. ಮಗ ಕುಳಿತು ಹಾರುವ ವಸ್ತು ಉಪವಾಸ ಇರಬಾರದೆಂದು ಅವಳ ಆಸೆ. ವಿಮಾನ ಕಟ್ಟಿದ ಶೆಡ್ಡಿನ ಪಕ್ಕದಲ್ಲೇ ಖರ್ಜೂರದ ಗೋದಾಮು ಇದೆ, ಗೋದಾಮಿನಲ್ಲಿ ಇಲಿ ಇದೆ, ಇಲಿಗೆ ಜೋಳದ ವಾಸನೆ ಹತ್ತುತ್ತದೆ ಎಂಬುದು ಅರವತ್ತೆರಡು ವರ್ಷದ ಬುದ್ಧಿವಂತೆಗೆ ಹೊಳೆಯಲಿಲ್ಲ.

ಮಗ ಶಿವಶರಣ ರೆಕ್ಕೆಯ ಕೆಳಗೆ ಅಂಗಾತ ಮಲಗಿ ಟಾರ್ಚ್ ಹಿಡಿದು ನೋಡಿದ. ತೂತು ಅಂಗೈಯಗಲ ಇತ್ತು. ಅದರ ಅಂಚಿನಿಂದ ಹೊಲಿಗೆ ಬಿಚ್ಚಿಕೊಂಡು ಒಂದು ಗೇಣಿನಷ್ಟು ಸಡಿಲಾಗಿತ್ತು. ನಿನ್ನೆ ಸಂಜೆ ಲಾರಿಗೆ ಏರಿಸುವಾಗ ಯಾರೂ ಅಡಿಯಲ್ಲಿ ಬಗ್ಗಿ ನೋಡಿರಲಿಲ್ಲ. ಅವನು ಎದ್ದು ಕೂತು ಬೆನ್ನಿನ ಧೂಳನ್ನೂ ಕೊಡವದೆ ಹೇಳಿದ.

"ಖಲಾಸ್. ಮುಗೀತು."

ಅವನು ಹಾಗೆ ಅಂದದ್ದಕ್ಕೆ ಕಾರಣ ಇತ್ತು. ಶಿವಶರಣ ತೈಲ ಕಂಪನಿಯೊಂದರಲ್ಲಿ ಮೀಟರು, ವಾಲ್ವುಗಳನ್ನು ನೋಡಿಕೊಳ್ಳುವ ಇಂಜಿನಿಯರ್. ಕಂಪನಿ ಅವನನ್ನು ದೂರದ ಬಂದರು ಪಟ್ಟಣ ದುಕ್ಮ್‌ಗೆ ವರ್ಗ ಮಾಡಿತ್ತು. ಭಾನುವಾರ ಅಲ್ಲಿ ಹಾಜರಾಗಬೇಕು. ಖರ್ಜೂರದ ವ್ಯಾಪಾರಿ ಗೆಳೆಯ ನಾಲ್ಕು ವರ್ಷ ಬಿಟ್ಟುಕೊಟ್ಟಿದ್ದ ಶೆಡ್ಡನ್ನು ನಾಳೆ ಖಾಲಿ ಮಾಡಬೇಕು. ವಿಮಾನ ಹಾರಿಸಲು ಸಿಕ್ಕ ಅನುಮತಿ ಈ ಒಂದು ಬೆಳಗಿನದು, ಅದೂ ಒಂಬತ್ತು ಗಂಟೆಯ ತನಕ. ಆಮೇಲೆ ಬಯಲಿನ ಗಾಳಿ ಏಳುತ್ತದೆ. ಬಿದಿರು, ಬಟ್ಟೆಯ ಆ ಯಂತ್ರಕ್ಕೆ ಗಾಳಿ ಆಗದು.

ಆ ಯಂತ್ರ ಶಿವಶರಣನ ಕಲ್ಪನೆಯದಲ್ಲ, ಅವನ ಮುತ್ಯಾನದು, ಅಂದರೆ ತಂದೆಯ ತಂದೆಯದು. ಹುಲಿಗೆವ್ವನಿಗೆ ಮಾವ.

ಮಾವ ಹುಟ್ಟಿದ್ದು ಕೊಪ್ಪಳ ಸೀಮೆಯ ಒಂದು ಹಳ್ಳಿಯಲ್ಲಿ, ನಿಜಾಮರ ಕಾಲದಲ್ಲಿ. ಹದಿನಾರಕ್ಕೆ ಹತ್ತಿ ಬಿಡಿಸುವ ಜಿನ್ನಿನ ಎಂಜಿನ್ನಿಗೆ ಎಣ್ಣೆ ಬಿಡುವ ಕೆಲಸ. ಅಲ್ಲಿ ಯಾರೋ ಚುರುಮುರಿ ಕಟ್ಟಿಕೊಟ್ಟ ಹಳೆಯ ಪತ್ರಿಕೆಯಲ್ಲಿ ವಿಮಾನದ ಚಿತ್ರ ನೋಡಿದರು. ಚುರುಮುರಿ ಅಲ್ಲೇ ಬಿಟ್ಟು ಕಾಗದ ಜೇಬಿಗೆ ಹಾಕಿಕೊಂಡರು. ಮುಂದೆ ಮುಂಬೈಗೆ ಹೋಗಿ ವಿಮಾನದ ಶೆಡ್ಡೊಂದರಲ್ಲಿ ಮೂರು ವರ್ಷ ಕಸ ಗುಡಿಸಿದರು, ನಟ್ಟು ಬಿಗಿದರು, ಸಾಹೇಬರು ಊಟಕ್ಕೆ ಹೋದಾಗ ರೆಕ್ಕೆಗಳನ್ನು ಗೇಣಿನಲ್ಲಿ, ಮೊಳದಲ್ಲಿ ಅಳೆದು ಬರೆದುಕೊಂಡರು. ಊರಿಗೆ ಬರುವಾಗ ಕೆಟ್ಟ ಮೋಟಾರ್ ಸೈಕಲ್ಲಿನ ಎಂಜಿನ್ನೊಂದನ್ನು ತಲೆಯ ಮೇಲೆ ಹೊತ್ತು ತಂದೆ ಎಂದು ಅವರು ಹೇಳಿದರೆ, "ಸ್ಟೇಷನ್ನಿನಿಂದ ಚಕ್ಕಡಿ ಮಾಡಿದ್ರು, ಬಾಡಿಗಿ ಕೊಟ್ಟವರು ನಮ್ಮಪ್ಪ," ಎಂದು ಅತ್ತೆ ಒಳಗಿನಿಂದ ತಿದ್ದುತ್ತಿದ್ದರು.

ಎರಡು ವರ್ಷದಲ್ಲಿ ಯಂತ್ರ ಎದ್ದು ನಿಂತಿತು. ಬಿದಿರಿನ ಎಲುಬು, ಅದರ ಮೇಲೆ ಕೈಮಗ್ಗದ ಬಟ್ಟೆ ಎರಡು ಪದರ, ಬಟ್ಟೆಗೆ ಅಗಸೆ ಎಣ್ಣೆಯ ಲೇಪ. ರೆಕ್ಕೆ ಹೊಲಿದವರು ಅತ್ತೆ. ಆಗ ಅವರಿಗೆ ಹದಿನೆಂಟು ವರ್ಷ, ತಿಳಿದದ್ದು ಕೌದಿಯ ಹೊಲಿಗೆ ಒಂದೇ. ಒಣಗಿದ ಕೆರೆಯ ಅಂಗಳದಲ್ಲಿ ಮಾವ ಎರಡು ಸಲ ಹಾರಿದರು. ಮೊದಲನೇ ಸಲ ಮೂವತ್ತು ಹೆಜ್ಜೆ, ಎರಡನೇ ಸಲ ಕೆರೆಯ ಈ ದಂಡೆಯಿಂದ ನಡುಗಡ್ಡೆಯವರೆಗೆ. ನೋಡಿದವರು ಇಬ್ಬರೇ, ಅತ್ತೆ ಮತ್ತು ಒಬ್ಬ ಕುರಿಗಾಹಿ. ಹೆಂಡತಿ ಗಂಡನ ಪರವೇ ಹೇಳುವವಳು, ಕುರಿಗಾಹಿಯ ಮಾತಿಗೆ ಕುರಿಗಳೇ ಸಾಕ್ಷಿ. ಆದ್ದರಿಂದ ಮೂರನೇ ಸಲ ಮಾವ ಇಡೀ ಊರನ್ನು ಕರೆದರು. ತಹಶೀಲ್ದಾರರಿಗೆ ಕುರ್ಚಿ ಹಾಕಿಸಿದರು.

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. ಯಂತ್ರ ನೆಲ ಬಿಟ್ಟು ಆಳೆತ್ತರ ಏರುವಷ್ಟರಲ್ಲಿ ಎಡರೆಕ್ಕೆಯ ಬಟ್ಟೆ ಪರ್ರನೆ ಹರಿಯಿತು. ಎಡಕ್ಕೆ ವಾಲಿ, ಗಿರಕಿ ಹೊಡೆದು, ಗೌಡರ ಮೇವಿನ ಬಣವೆಗೆ ಹೋಗಿ ಬಿತ್ತು. ಮಾವನ ಕಾಲು ಮುರಿಯಿತು. ಬಣವೆ ಇಲ್ಲದಿದ್ದರೆ ಜೀವವೇ ಹೋಗುತ್ತಿತ್ತು, ಆದರೆ ಆ ಬಣವೆಯೇ ಮಾನ ಕಳೆಯಿತು. ಯಂತ್ರ ನೆಲ ಬಿಟ್ಟದ್ದನ್ನು ಕಾಣಿಸದೆ, ಬಣವೆಯ ಮೇಲಿಂದ ಜಿಗಿದು ಕಾಲು ಮುರಿದುಕೊಂಡನೆಂದು ತಹಶೀಲ್ದಾರರು ವರದಿ ಬರೆದರು. ಊರವರಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅದು "ಬಣವಿ ಇಮಾನದವರ ಮನಿ". ಹುಲಿಗೆವ್ವ ಹದಿನಾರನೇ ವಯಸ್ಸಿಗೆ ಸೊಸೆಯಾಗಿ ಬಂದಾಗ ಬಾವಿಕಟ್ಟೆಯ ಹೆಂಗಸರು ಕೇಳಿದ ಮೊದಲ ಪ್ರಶ್ನೆ, "ಬಣವಿ ಇಮಾನದ ಸೊಸಿ ಏನಬೇ ನೀನು?" ಅವಳಿಗೆ ಇವತ್ತಿಗೂ ಆ ಪ್ರಶ್ನೆ ನೆನೆದರೆ ಮೈ ಉರಿಯುತ್ತದೆ.

ಅಕ್ಷರ ಬಾರದ ಆ ಸೊಸೆಗೆ ಓದು ಕಲಿಸಿದವರು ಮಾವ. ಮನೆಯಲ್ಲಿ ಪುಸ್ತಕ ಎಂದರೆ ಅವರ ಯಂತ್ರದ ನೋಟ್‌ಬುಕ್ಕು ಒಂದೇ. ಬೇರೆಯವರು ಅ ಆ ಇ ಈ ಕಲಿತರೆ ಹುಲಿಗೆವ್ವ ಕಲಿತದ್ದು ರೆಕ್ಕೆ, ಬಿದಿರು, ಗಾಳಿ, ಭಾರ. ಪಂಪ್‌ಸೆಟ್ಟು ರಿಪೇರಿ ಮಾಡಿ ಸಂಸಾರ ಸಾಗಿಸುತ್ತಿದ್ದ ಮಾವ, ಪ್ರತಿ ಮಳೆಗಾಲದಲ್ಲೂ ಕೆಲಸ ಕಡಿಮೆಯಾದಾಗ ಆ ನೋಟ್‌ಬುಕ್ಕು ತೆಗೆದು ಎಡರೆಕ್ಕೆಯ ಲೆಕ್ಕವನ್ನು ಮತ್ತೆ ಮೊದಲಿಂದ ಹಾಕುತ್ತಿದ್ದರು. ಐವತ್ತು ಮಳೆಗಾಲ ಹಾಕಿದರು. ಎಲ್ಲಿ ತಪ್ಪಿದೆ ಎಂಬುದು ಸಿಗಲಿಲ್ಲ. ಸಾಯುವ ಮೂರು ದಿನ ಮುಂಚೆ, ನೀರು ಕುಡಿಸಲು ಬಂದ ಸೊಸೆಯ ಕೈ ಹಿಡಿದು, "ಎಡರೆಕ್ಕಿ ಯಾಕ ಹರೀತವ್ವಾ?" ಎಂದು ಕೇಳಿದ್ದರು. ಅವಳೇನು ಹೇಳಿಯಾಳು? ಸುಮ್ಮನೆ ಕಾಲೊತ್ತುತ್ತ ಕೂತಿದ್ದಳು.

ಮುತ್ಯಾನ ಯಂತ್ರ ಹಾರುವಂಥದೇ ಎಂದು ತೋರಿಸಬೇಕೆಂಬ ಹಟ ಶಿವಶರಣನಿಗೆ ಬಂದದ್ದು ಹಾಗೆ, ಅವ್ವನ ಹಾಲಿನ ಜೊತೆಗೇ. ಅದಕ್ಕಾಗಿಯೇ ಅವನು ಹಗುರ ವಿಮಾನ ಹಾರಿಸುವ ಲೈಸೆನ್ಸ್ ಮಾಡಿಕೊಂಡ. ಅದಕ್ಕಾಗಿಯೇ ಹುಲಿಗೆವ್ವ ಎರಡು ಚಳಿಗಾಲ ವಿಸಿಟ್ ವೀಸಾದಲ್ಲಿ ಇಬ್ರಿಗೆ ಬಂದು, ಅತ್ತೆ ಹೊಲಿದಂತೆಯೇ ರೆಕ್ಕೆ ಹೊಲಿದಳು. ಈಗ ಆ ಹಟವೆಲ್ಲ ಒಂದು ಇಲಿಯ ಹೊಟ್ಟೆಗೆ ಹೋಯಿತು.

ಅವಳು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಲಿಗೆ ಕಾರಣ ಕೇಳುವವರು ಯಾರು? ಆದರೆ ಮಗನ ಮುಖ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಶರಣಾ, ನಾನ ಇಟ್ಟಿದ್ದೆ."

"ಏನು ಇಟ್ಟಿದ್ದಿ?"

"ರೊಟ್ಟಿ. ಮೂಲಿ ಮುಚ್ಚೂ ಮುಂದ ಒಂದು ಚೂರು. ಅತ್ತಿ ಕಲಿಸಿದಂಗ."

ಶಿವಶರಣ ಅವಳನ್ನು ನೋಡಿದ. ಆಮೇಲೆ ರೆಕ್ಕೆಯನ್ನು ನೋಡಿದ. ನಲವತ್ಮೂರು ವರ್ಷದಲ್ಲಿ ಅವ್ವನ ಮೇಲೆ ದನಿ ಏರಿಸದ ಮಗ ಅಂದು ಏರಿಸಿದ.

"ಯವ್ವಾ, ಇದು ಕೌದಿ ಅಲ್ಲಬೇ! ಇಮಾನ! ನಾಕು ವರ್ಷ ಮಾಡೀನಿ. ಒಂದೊಂದು ಬಿದಿರು ತೂಕ ಹಾಕಿ ಇಟ್ಟೀನಿ. ಅದರಾಗ ನೀ ರೊಟ್ಟಿ ತುರುಕೀಯಲ್ಲ!"

"ಬೈ," ಅಂದಳು ಹುಲಿಗೆವ್ವ. "ಎಷ್ಟು ಬೈತೀ ಬೈ. ನಂದ ತಪ್ಪು."

ಸೊಸೆ ಅಂಜಲಿ, ಅಲ್ಲಿಯ ಇಂಡಿಯನ್ ಶಾಲೆಯ ಟೀಚರ್, ನಡುವೆ ಬಂದು ನಿಂತಳು. "ಇರಲಿ ಬಿಡ್ರೀ. ಅತ್ತೀ ಬೇಕಂತ ಮಾಡ್ಯಾರೇನು? ಎಡಗಡೆ ತುದಿ ಅಂದ್ರ ಕಡೀ ಮೂಲಿ. ಅಲ್ಲೇ ಇಡಬೇಕಲ್ಲ ಪದ್ಧತಿ ಪ್ರಕಾರ..."

ಸೊಸೆ ಸಮಾಧಾನಕ್ಕೆ ಆಡಿದ ಮಾತು ಅದು. ಹುಲಿಗೆವ್ವನ ತಲೆಯೊಳಗೆ ಮಾತ್ರ ಅದು ಬೇರೆಯೇ ಕಡೆ ಹೋಗಿ ನಾಟಿತು. ಎಡಗಡೆ ತುದಿ, ಕಡೆಯ ಮೂಲೆ. ಕೌದಿಯನ್ನು ಬಲದಿಂದ ಶುರುಮಾಡಿ ಎಡಕ್ಕೆ ಮುಗಿಸುತ್ತಾರೆ. ತಾನು ಹಾಗೆ ಮುಗಿಸಿದೆ. ತನಗೆ ಕಲಿಸಿದವರು ಅತ್ತೆ. ಅತ್ತೆ ಎಲ್ಲಿ ಮುಗಿಸಿದ್ದರು?

"ನನ್ನ ಕೈಯಾಗ ಹೊಲಿದದ್ದು ಒಂದೂ ಉಪವಾಸ ಇಲ್ಲ," ಎಂದು ಅತ್ತೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಒಂದೂ ಇಲ್ಲ.

ಹುಲಿಗೆವ್ವ ಅಲ್ಲೇ ಜಲ್ಲಿಯ ಮೇಲೆ ಕೂತುಬಿಟ್ಟಳು. ಅಂಜಲಿ ನೀರಿನ ಬಾಟಲಿ ತಂದರೆ ಬೇಡವೆಂದು ಕೈಯಾಡಿಸಿದಳು.

"ಶರಣಾ, ನೋಟಬುಕ್ಕಿನ ಕಡೀ ಹಾಳಿ. ಮುತ್ಯಾ ಬಿದ್ದ ಮ್ಯಾಲೆ ಬರದದ್ದು. ಏನ್ ಬರದಾರ ಹೇಳು."

"ಈಗ್ಯಾಕಬೇ ಅದೆಲ್ಲ?"

ಅವಳೇ ಹೇಳಿದಳು. ಅಕ್ಷರ ಕಲಿತದ್ದೇ ಆ ಹಾಳೆಗಳಲ್ಲಿ, ಕಣ್ಣು ಮುಚ್ಚಿ ಹೇಳಬಲ್ಲಳು. "'ಎಡರೆಕ್ಕೆ ತುದಿ. ಹಿಂದಿನ ಮೂಲೆಯಿಂದ ಹರಿಯಿತು. ಕಾರಣ ತಿಳಿಯದು. ಲೆಕ್ಕದಲ್ಲಿ ತಪ್ಪು ಇರಬೇಕು.' ಹಿಂದಿನ ಮೂಲಿ ಅಂದ್ರ ಯಾವುದೋ? ಆ ತೂತು ಎಲ್ಲೈತಿ, ನೋಡು."

ಶಿವಶರಣ ಬಗ್ಗಿ ನೋಡಬೇಕಾಗಿರಲಿಲ್ಲ. ಆದರೂ ಬಗ್ಗಿ ನೋಡಿದ. ತುದಿಯ ಹಿಂದಿನ ಮೂಲೆ. ಅವನು ನಿಧಾನಕ್ಕೆ ಅವ್ವನ ಎದುರು ಬಂದು ಮಂಡಿಯೂರಿದ. ಸಿಟ್ಟು ಇಳಿದಿತ್ತು.

"ಮುತ್ಯಾನ ಯಂತ್ರದಾಗೂ ಆಯಿ ರೊಟ್ಟಿ ಇಟ್ಟಿದ್ಲೇನು?"

"ಇಡದ ಇರೂ ಹೆಣ್ಮಗಳಲ್ಲ ಆಕಿ. ಮನೀ ಪಡಸಾಲ್ಯಾಗ ಜೋಳದ ಚೀಲದ ಬಾಜೂಕ ನಿಂತಿತ್ತಂತ ಆ ಯಂತ್ರ, ಇಡೀ ಮಳಿಗಾಲ. ನಮ್ಮನ್ಯಾಗ ಇಲಿಗೇನು ಬರ? ಮೊದಲ ಎರಡು ಸಲ ಹಾರೂತನಕ ಕಡೀಲಿಲ್ಲ, ಮೂರನೇದಕ್ಕ ಕಡೀತು. ಅಡಿಗೆ ಕೈ ಹಾಕಿ ನೋಡಾಕ ಆಗ ಶಹೀದ ಭಾಯಿ ಇರಲಿಲ್ಲ."

ಗುಡ್ಡ ಅಗೆದು ಇಲಿ ಹಿಡಿದರು ಎಂದು ಜನ ಆಡಿಕೊಳ್ಳುತ್ತಾರೆ. ಮಾವನಿಗೆ ಈ ಇಲಿ ಸಿಗುವುದಾಗಿದ್ದರೆ ಕೊಪ್ಪಳದ ಗುಡ್ಡವನ್ನೆಲ್ಲ ಅಗೆದು ಹಾಕುತ್ತಿದ್ದರು. ಪಾಪ, ಅವರು ಅಗೆದದ್ದು ತಮ್ಮ ತಲೆಯನ್ನೇ. ಐವತ್ತು ಮಳೆಗಾಲ ಸರಿಯಾದ ಲೆಕ್ಕವನ್ನು ತಪ್ಪು ಎಂದು ತಿದ್ದುತ್ತ ಕೂತಿದ್ದ ಮನುಷ್ಯನ ಪಕ್ಕದಲ್ಲಿ, ಅವರ ಪ್ರಶ್ನೆಗೆ ಉತ್ತರ ಗೊತ್ತಿದ್ದ ಇಬ್ಬರು ಹೆಂಗಸರು ರೊಟ್ಟಿ ತಟ್ಟುತ್ತ ಕೂತಿದ್ದರಲ್ಲ! ಗೊತ್ತಿದೆ ಎಂಬುದೇ ಇಬ್ಬರಿಗೂ ಗೊತ್ತಿರಲಿಲ್ಲ.

ಅಳುವುದಕ್ಕೆ ಹೊತ್ತಿರಲಿಲ್ಲ. ಹುಲಿಗೆವ್ವ ಸೆರಗಿನಿಂದ ಮೂಗೊರೆಸಿಕೊಂಡು ಎದ್ದಳು.

"ಶಹೀದ್ ಭಾಯಿ," ಎಂದು ಕೂಗಿದಳು. ನಿಜಾಮರ ಸೀಮೆಯವಳು, ಹರಕುಮುರುಕು ಹಿಂದಿಗೆ ಬರವಿಲ್ಲ. "ದೋ ಘಂಟೆ ದೇವ್. ಎರಡೇ ತಾಸು ಕೊಡು. ನಾನು ಹೊಲಿಯುತ್ತೇನೆ."

ಶಹೀದ್ ಪಾಕಿಸ್ತಾನದ ಮುಲ್ತಾನಿನವನು. ನರೆತ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಗಡಿಯಾರ ನೋಡಿದ. ಆರೂ ಮುಕ್ಕಾಲು. "ಒಂಬತ್ತಕ್ಕೆ ಐದು ನಿಮಿಷ ಮೀರಿದರೂ ನಾನು ಬಿಡುವುದಿಲ್ಲ, ಅಮ್ಮಾಜಿ," ಎಂದು ತನ್ನ ಉರ್ದುವಿನಲ್ಲಿ ಹೇಳಿದ. "ಮತ್ತೆ ಹೊಲಿಗೆಯನ್ನು ನಾನು ಎಳೆದು ನೋಡುತ್ತೇನೆ. ಬಿಚ್ಚಿದರೆ ಆಟ ಮುಗಿಯಿತು."

"ಎಳದು ನೋಡ್ರೀ. ಬೇಕಾದ್ರ ಜೋತು ಬೀಳ್ರಿ," ಅಂದಳು ಹುಲಿಗೆವ್ವ. ಅಂಜಲಿ ಅದನ್ನು ಹಿಂದಿಗೆ ತಿರುಗಿಸಿದಳು. ಶಹೀದನ ಮೀಸೆ ಸ್ವಲ್ಪ ಅಲುಗಿತು.

ಆದರೆ ಅವಳ ಮಾತು ಅಲ್ಲಿಗೆ ಮುಗಿಯಲಿಲ್ಲ. ಅವಳು ಎಡರೆಕ್ಕೆಯ ಅಡಿಗೆ ಹೋಗಿ, ಅದಕ್ಕೆ ಆಸರೆಯಾಗಿ ಓರೆಯಲ್ಲಿ ಕಟ್ಟಿದ್ದ ದಪ್ಪ ಬಿದಿರನ್ನು ಹಿಡಿದಳು. ಆ ಬಿದಿರು ಮಾವನ ನಕ್ಷೆಯಲ್ಲಿಲ್ಲ. ಬಲರೆಕ್ಕೆಗೂ ಇಲ್ಲ. ಮುತ್ಯಾನ ಲೆಕ್ಕ ಎಡಕ್ಕೆ ಎಲ್ಲೋ ತಪ್ಪಿದೆ ಎಂದು ಮೊಮ್ಮಗ ಹೆಚ್ಚಿಗೆ ಕಟ್ಟಿದ್ದು.

"ಇದನ್ನ ತಗಿ."

"ಯವ್ವಾ..."

"ತಗಿ ಅಂದೆ. ಇದು ಇದ್ದು ಹಾರಿದ್ರ ಊರಾಗಿನವ್ರು ಏನಂತಾರ? ಮೊಮ್ಮಗ ತಿದ್ದಿದ, ಅದಕ್ಕ ಹಾರಿತು, ಮುದುಕಗ ಏನೂ ಬರ್ತಿದ್ದಿಲ್ಲ ಅಂತಾರ. ಮಾವಾರ ಲೆಕ್ಕ ಬರೋಬರಿ ಇತ್ತು, ಶರಣಾ. ಅವರ ಲೆಕ್ಕದ ಮ್ಯಾಲ ಹಾರಬೇಕು."

ಶಿವಶರಣ ಆ ಬಿದಿರಿನ ಕಡೆ ನೋಡಿದ. ಹಾರುವವನು ಅವನು. ರೆಕ್ಕೆ ಹರಿದರೆ ಇಲ್ಲಿ ಬಣವೆಯೂ ಇಲ್ಲ, ಬರೀ ಕಲ್ಲು. ಅಂಜಲಿ ಗಂಡನ ತೋಳು ಹಿಡಿದುಕೊಂಡಳು. ಹುಲಿಗೆವ್ವನಿಗೆ ಅವಳ ಬೆರಳು ಕಾಣಿಸಿದವು. ತಾನು ಹೇಳುತ್ತಿರುವುದು ಏನೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದ್ದೊಬ್ಬ ಮಗ.

"ನಾ ಹೇಳ್ತೀನಂತ ತಗೀಬ್ಯಾಡ," ಅಂದಳು, ದನಿ ಇಳಿಸಿ. "ನೀನು ಇಂಜಿನಿಯರ. ನೀನ ನೋಡಿ ಹೇಳು. ಉಸುಕಿನ ಚೀಲ ಇಟ್ಟು ಪರೀಕ್ಷಾ ಮಾಡಿದ್ರಲ್ಲ, ಆವಾಗ ಈ ಬಿದಿರು ಇತ್ತೋ ಇಲ್ಲೋ?"

ಅಂಜಲಿ ಅದನ್ನೇ ಮೆಲ್ಲಗೆ ಹಿಂದಿಯಲ್ಲಿ ಕೇಳಿದ್ದಕ್ಕೆ ಶಹೀದ್ ಉತ್ತರಿಸಿದ. ಡಿಸೆಂಬರಿನಲ್ಲಿ ರೆಕ್ಕೆಗಳನ್ನು ಬೋರಲು ಹಾಕಿ ಮರಳಿನ ಚೀಲ ಹೇರಿದ್ದರು. ಹೊರಬೇಕಾದ ಭಾರದ ಮೂರು ಪಟ್ಟು. ಆಗ ಈ ಬಿದಿರು ಇರಲಿಲ್ಲ. ರೆಕ್ಕೆ ಹೊತ್ತು ನಿಂತಿತ್ತು. ಕಂಪ್ಯೂಟರಿನ ಲೆಕ್ಕವೂ ಬೇಕಿಲ್ಲ ಎಂದೇ ಹೇಳಿತ್ತು. "ಯಾಕೆ ಕಟ್ಟುತ್ತೀಯ ಎಂದು ನಾನೇ ಕೇಳಿದ್ದೆ," ಅಂದ ಶಹೀದ್. "ಭಯಕ್ಕೆ ಅಂದ ಇವನು. ಭಯಕ್ಕೆ ಕಟ್ಟಿದ್ದಕ್ಕೆ ನನ್ನ ಫಾರಂನಲ್ಲಿ ಕಾಲಂ ಇಲ್ಲ. ಮಾರ್ಪಾಡು ಎಂದು ಬರೆದುಕೊಂಡೆ."

ಶಿವಶರಣ ರೆಕ್ಕೆಯ ಎಲುಬುಗಳನ್ನು ಒಂದೊಂದಾಗಿ ತಟ್ಟಿ ನೋಡಿದ. ಆಮೇಲೆ ಟೂಲ್‌ಬಾಕ್ಸ್ ತೆರೆದು, ಆ ಬಿದಿರನ್ನು ಬಿಚ್ಚಲು ಸ್ಪ್ಯಾನರ್ ತೆಗೆದ. "ಯಲ್ಲಾ, ನಡಿ," ಅಂದ, ಯಾರಿಗೂ ಅಲ್ಲ, ತನಗೇ.

ಹುಲಿಗೆವ್ವ ಚಾಪೆ ಹಾಸಿಕೊಂಡು ರೆಕ್ಕೆಯ ಅಡಿಗೆ ಮಲಗಿದಳು. ಕೂತು ಹೊಲಿಯುವುದೇ ಬೇರೆ, ಅಂಗಾತ ಮಲಗಿ ಮೇಲಕ್ಕೆ ಹೊಲಿಯುವುದೇ ಬೇರೆ. ಮೊದಲು ಇಲಿ ಕಡಿದ ಭಾಗವನ್ನು ಚೌಕಾಗಿ ಕತ್ತರಿಸಿದಳು. ಒಳಗಿಂದ ರೊಟ್ಟಿಯ ನಾಲ್ಕು ಪುಡಿ ಅವಳ ಮುಖದ ಮೇಲೆಯೇ ಉದುರಿದವು. ಥೂ ಎಂದು ಒರೆಸಿಕೊಂಡಳು. ಹೊಸ ಬಟ್ಟೆಯ ಎರಡು ಪದರ ಇಟ್ಟು, ಜೇನುಮೇಣ ಸವರಿದ ದಾರದಿಂದ ಅಂಚು ಹಿಡಿದಳು. ಅಂಜಲಿ ಒಂದೊಂದೇ ದಾರ ಪೋಣಿಸಿ ಕೊಡುತ್ತಿದ್ದಳು. ಬಿದಿರಿನ ಎಲುಬಿನ ಸುತ್ತ ದಾರ ಬಿಗಿಯುವಾಗ ಸೂಜಿ ಎರಡು ಸಲ ಬೆರಳಿಗೆ ನುಗ್ಗಿತು. ರಕ್ತ ಬಟ್ಟೆಗೆ ಹತ್ತಿದಾಗ ಅಂಜಲಿ "ಅಯ್ಯೋ ಅತ್ತೀ" ಅಂದಳು. "ಹೊಲಿಗೀಗೆ ಏನಾಗಿಲ್ಲಲ್ಲ?" ಎಂದು ಕೇಳಿ ಹುಲಿಗೆವ್ವ ಮುಂದೆ ಹೊಲಿದಳು. ಭುಜ ಕಲ್ಲಾಯಿತು. ಕಣ್ಣಿಗೆ ಬೆವರು ಇಳಿಯಿತು. ನಡುವೆ ಒಮ್ಮೆ ಕೈ ಎತ್ತಲಾಗದೆ ಎದೆಯ ಮೇಲೆ ಬಿದ್ದುಬಿಟ್ಟಾಗ ಅಂಜಲಿ, "ನಾ ಹೊಲೀಲೇನ್ರೀ?" ಅಂದಳು. "ನಿನ್ನ ಹೊಲಿಗಿ ಇಸ್ಕೂಲ್ ಹುಡುಗರ ಸಾಲಿನಂಗ ಇರತೈತಿ, ಸುಮ್ನಿರು," ಎಂದು ಮತ್ತೆ ಕೈ ಎತ್ತಿದಳು. ಒಂದು ಅಂಗುಲಕ್ಕೆ ಹತ್ತು ಹೊಲಿಗೆ. ಕೌದಿಗೆ ಎಂಟು ಸಾಕು.

ಕೊನೆಯ ಮೂಲೆ ಬಂತು. ಅಭ್ಯಾಸದ ಕೈ, ಎಡಗೈ ತಾನಾಗಿಯೇ ಸೆರಗಿನ ಗಂಟಿನತ್ತ ಹೋಯಿತು. ಗಂಟಿನಲ್ಲಿ ಏನೂ ಇರಲಿಲ್ಲ. ಇದ್ದರೂ ಇಡುತ್ತಿರಲಿಲ್ಲ ಎಂದುಕೊಂಡಳು. ಅತ್ತೆಯನ್ನು ಮನ್ನಿಸುವುದೋ, ಅತ್ತೆಯಲ್ಲಿ ಕ್ಷಮೆ ಕೇಳುವುದೋ ತಿಳಿಯದೆ, ಮೂಲೆಯನ್ನು ಹಾಗೆಯೇ ಬರಿದಾಗಿ ಮುಚ್ಚಿ, ಮೂರು ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು.

ಎಂಟು ಹತ್ತು ಆಗಿತ್ತು. ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ ಬೇಕು, ಹಾಗಾಗಿ ಶಹೀದ್ ಕ್ಲಬ್ಬಿನ ಬೇಗ ಒಣಗುವ ಲೇಪ ಹಚ್ಚಿದ. ಇಪ್ಪತ್ತೈದು ನಿಮಿಷ ಕಾದು ಹೊಲಿಗೆಯನ್ನು ಎಳೆದ. ಮತ್ತೊಮ್ಮೆ ಎಳೆದ. ಮೂರನೇ ಸಲ ನಿಜವಾಗಿಯೂ ಜೋತು ಬೀಳುವಂತೆ ಎಳೆದ. ಬಟ್ಟೆ ಡೊಳ್ಳಿನ ಚರ್ಮದಂತೆ ಬಿಗಿಯಾಗಿತ್ತು. ಅವನು ಹುಲಿಗೆವ್ವನ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ.

ಎಂಟೂ ನಲವತ್ತಕ್ಕೆ ಶಿವಶರಣ ಹೆಲ್ಮೆಟ್ ಹಾಕಿಕೊಂಡು ಬಿದಿರಿನ ನಡುವಿನ ಸೀಟಿನಲ್ಲಿ ಕೂತ. ಹುಲಿಗೆವ್ವ ಅವನ ಪಟ್ಟಿಯ ಕೊಂಡಿಯನ್ನು ಎರಡು ಸಲ ಎಳೆದು ನೋಡಿದಳು.

"ಅಂಜಿಕಿ ಬರಾಕತ್ತೈತೇನು?"

"ಹ್ಞೂಂ ಬೇ."

"ನನಗೂ. ಹೋಗು."

ಎಂಜಿನ್ ಗುಡುಗಿತು. ಧೂಳು ಎದ್ದು ಅವಳ ಬಾಯಿ ಕಣ್ಣು ತುಂಬಿತು. ಅವಳು ಕಣ್ಣು ಮುಚ್ಚಲಿಲ್ಲ, ಮುಚ್ಚಬಾರದೆಂದು ಪಣ ತೊಟ್ಟಿದ್ದಳು. ಯಂತ್ರ ಜಲ್ಲಿಯ ಮೇಲೆ ಕುಪ್ಪಳಿಸುತ್ತ, ಒದರಾಡುತ್ತ, ಮೊದಲ ಕೆಂಪು ಕೋನ್ ದಾಟಿತು, ಎರಡನೆಯದು ದಾಟಿತು. ಏಳಲಿಲ್ಲ. ಅಂಜಲಿ ಅತ್ತೆಯ ಮಣಿಕಟ್ಟು ಹಿಡಿದುಕೊಂಡಳು. ಮೂರನೆಯ ಕೋನ್ ಹತ್ತಿರ ಗಾಲಿಗಳ ಕುಪ್ಪಳಿಕೆ ನಿಂತಿತು. ಗಾಲಿಗೂ ನೆಲಕ್ಕೂ ನಡುವೆ ಆಚೆಯ ಬೆಟ್ಟದ ಸಾಲು ಕಾಣಿಸಿತು. ಮೊದಲು ಒಂದು ಗೆರೆಯಷ್ಟು, ಆಮೇಲೆ ಇಡೀ ಬೆಟ್ಟ.

ಆಳೆತ್ತರ. ಅವಳ ದೃಷ್ಟಿ ಎಡರೆಕ್ಕೆಯ ತುದಿಗೇ ನೆಟ್ಟಿತ್ತು. ತೊಂಬತ್ತು ವರ್ಷದ ಹಿಂದೆ ಹರಿದದ್ದು ಇಷ್ಟೇ ಎತ್ತರದಲ್ಲಿ. ಬಟ್ಟೆ ಒಮ್ಮೆ ಪಟಪಟ ಅಂದಿತು. ಬಟ್ಟೆ ಮತ್ತೆ ಬಿಗಿಯಾಯಿತು. ಎರಡಾಳೆತ್ತರ. ಯಂತ್ರ ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ. ಬಯಲಿನ ಮೇಲೆ ತನ್ನ ನೆರಳನ್ನು ಎಳೆದುಕೊಂಡು ನೆಟ್ಟಗೆ ಹೋಯಿತು, ಕಡೆಯ ಕೋನ್ ದಾಟಿದ ಮೇಲೆ ಮೆಲ್ಲಗೆ ಇಳಿದು, ಒಂದು ಸಲ ಪುಟಿದು, ಧೂಳಿನಲ್ಲಿ ನಿಂತಿತು. ಅಂಜಲಿ ಗಂಡನ ಕಡೆ ಎರಡು ಹೆಜ್ಜೆ ಓಡಿ, ಅತ್ತೆ ಒಬ್ಬಳೇ ನಿಂತಿರುವುದನ್ನು ನೋಡಿ ಹಿಂದೆ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಹೋ ಎಂದು ಅತ್ತರು. ನೋಡಲು ಬಂದಿದ್ದ ಕ್ಲಬ್ಬಿನವರು ಚಪ್ಪಾಳೆ ಹೊಡೆಯುತ್ತ, ಸೀಟಿ ಊದುತ್ತ ವಿಮಾನದತ್ತ ಓಡಿದರು.

ಶಹೀದ್ ಓಡಲಿಲ್ಲ. ಗಾಲಿಯ ಗುರುತು ಅಳೆಯಲು ಹುಡುಗರಿಗೆ ಹೇಳಿ, ಕ್ಲಬ್ಬಿನ ದಪ್ಪ ರಿಜಿಸ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಚಾಪೆಯ ಅಂಚಿನಲ್ಲಿ ಕೂತ. ಮುನ್ನೂರ ನಲವತ್ತು ಮೀಟರ್ ಎಂದು ದೂರದಿಂದ ಕೂಗಿದರು. ಬರೆದುಕೊಂಡ. ಆಮೇಲೆ ನಿನ್ನೆ ತುಂಬಿಸಿದ್ದ ಪುಟ ತೆಗೆದ. ನಕ್ಷೆ ಯಾರದು ಎಂಬಲ್ಲಿ ಎರಡು ಹೆಸರಿದ್ದವು, ಮುತ್ಯಾನದು ಮತ್ತು ಮಾರ್ಪಾಡು ಮಾಡಿದ ಮೊಮ್ಮಗನದು. ಅವನು ಆ ಪುಟಕ್ಕೆ ಅಡ್ಡಗೆರೆ ಎಳೆದ.

"ಆ ಬಿದಿರು ಈಗ ಇಲ್ಲ. ಎರಡು ಹೆಸರು ಬರುವುದಿಲ್ಲ," ಅಂದ. "ಹೊಸ ಪುಟ. ಒಂದೇ ಹೆಸರು. ನಕ್ಷೆ ಕಿಸ್‌ಕಾ, ಅಮ್ಮಾಜಿ?"

ಅಂಜಲಿ ಥಟ್ಟನೆ ಬಾಯಿ ತೆರೆದಳು. ಅವರ ಕಡೆ ಸೊಸೆಯಾದವಳು ಗಂಡನ ಹೆಸರನ್ನಾಗಲಿ, ಗಂಡನ ತಂದೆಯ ಹೆಸರನ್ನಾಗಲಿ ಬಾಯಲ್ಲಿ ಹೇಳುವುದಿಲ್ಲ. ರೇಷನ್ ಕಾರ್ಡಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಎಲ್ಲೇ ಕೇಳಿದರೂ ಪಕ್ಕದಲ್ಲಿ ಇದ್ದವರು ಹೇಳಬೇಕು. ಹುಲಿಗೆವ್ವನಂತೂ ಮಾವನ ಹೆಸರಿನ ದೇವರ ಗುಡಿಗೆ ಹೋದರೂ ಪ್ರಾಣದೇವರ ಗುಡಿ ಎಂದೇ ಅನ್ನುವವಳು. ಮನಸ್ಸಿನೊಳಗೂ ಆ ಹೆಸರನ್ನು ಆಡಿದವಳಲ್ಲ. ನಲವತ್ತಾರು ವರ್ಷ.

ಹುಲಿಗೆವ್ವ ಕೈಯೆತ್ತಿ ಸೊಸೆಯನ್ನು ತಡೆದಳು. ನೆಟ್ಟಗೆ ನಿಂತು, ಮಾವನ ಎದುರು ನಿಲ್ಲುವಾಗ ಮಾಡುತ್ತಿದ್ದಂತೆ ತಲೆ ತುಂಬ ಸೆರಗು ಹೊದ್ದುಕೊಂಡಳು. ಊರ ತುಂಬ ನಗುತ್ತ ಆಡಿಕೊಂಡವರು ಎಷ್ಟೋ ಜನ, ಸುಳ್ಳೆಂದು ಬರೆದವರೂ ಇದ್ದರು. ನಿಜವೆಂದು ಬರೆಸುವಾಗ ಅದನ್ನು ಇನ್ನೊಬ್ಬರ ಬಾಯಿಂದ ಹೇಳಿಸಲು ಅವಳಿಗೆ ಮನಸ್ಸಾಗಲಿಲ್ಲ.

"ಹನುಮಪ್ಪ," ಅಂದಳು.

ಬಯಲಿನ ಆಚೆ ಜನ ಶಿವಶರಣನನ್ನು ಎತ್ತಿಕೊಂಡು ಕೂಗುತ್ತಿದ್ದರು. ಆ ಗದ್ದಲದಲ್ಲಿ ಶಹೀದನಿಗೆ ಕೇಳಿಸಲಿಲ್ಲ. ಪೆನ್ನು ಹಿಡಿದುಕೊಂಡೇ ಕಿವಿ ಮುಂದೆ ಮಾಡಿ, ಇನ್ನೊಮ್ಮೆ ಹೇಳಿ ಎಂದು ಕೇಳಿದ.

ಎರಡನೇ ಸಲ ಅವಳು ಆ ಹೆಸರನ್ನು ಇಡೀ ಬಯಲಿಗೆ ಕೇಳುವಂತೆ ಕೂಗಿ ಹೇಳಿದಳು.